ಸಾಕ್ಷಿಯನ್ನು ಕೂಲಿಗೆ ಪಡೆಯಬಹುದೆ?

ಧರ್ಮವಿಚಾರದಲ್ಲಿ ಒಂದು ಹಳೆಯ ಪ್ರಶ್ನೆಯುಂಟು. ಒಬ್ಬನು ತಾನು ಮಾಡಬೇಕಾದ ಕರ್ತವ್ಯವನ್ನು ಇನ್ನೊಬ್ಬನ ಕೈಯಿಂದ ಮಾಡಿಸಿದರೆ ಅದು ತಾನು ಮಾಡಿದಂತಾಗುವುದೆ? ಹೊಲ ಉಳುವುದನ್ನು ಆಳಿನಿಂದ ಮಾಡಿಸಬಹುದು. ಮನೆ ಕಟ್ಟುವುದನ್ನು ಗೌಂಡಿಯಿಂದ ಮಾಡಿಸಬಹುದು. ಆದರೆ ‘ನನ್ನ ದೆಸೆಯಿಂದ ಯಾರಿಗಾದರೂ ಅನ್ಯಾಯವಾಗುತ್ತಿರುವುದೆ?’ ಎಂದು ನೋಡಿಕೊಳ್ಳುವ ಕೆಲಸವನ್ನೂ ಹಾಗೆಯೇ ಕೂಲಿಗೆ ಒಪ್ಪಿಸಿ, ಆ ಕೂಲಿಯವನು ತಂದುಕೊಟ್ಟ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ನೆಮ್ಮದಿಯಿಂದ ನಿದ್ರಿಸಬಹುದೆ? ಇದು ಶಾಸ್ತ್ರಪಂಡಿತರ ಕಾಲಕ್ಷೇಪದ ಪ್ರಶ್ನೆಯಲ್ಲ. ನಾವು ಉಡುವ ಬಟ್ಟೆಯ ಮಡಿಕೆಯಲ್ಲಿಯೇ ಇರುವ ಪ್ರಶ್ನೆ.

ನೇಯುವವನೂ ಉಡುವವನೂ ಒಂದೇ ಪೇಟೆಯಲ್ಲಿದ್ದ ಕಾಲದಲ್ಲಿ ಇದು ಇಷ್ಟು ತೊಡಕಾಗಿರಲಿಲ್ಲ. ಆ ಕಾಲ ಪುಣ್ಯಕಾಲವಾಗಿತ್ತೆಂದು ನಾನು ಹೇಳಲಾರೆ. ಆಗಲೂ ದುಡಿದವನ ಹೊಟ್ಟೆಯ ಮೇಲೆ ಹೊಡೆದವರಿದ್ದರು. ಆದರೆ ‘ನನಗೆ ತಿಳಿಯದು’ ಎಂದು ಅವರು ಹೇಳುವಂತಿರಲಿಲ್ಲ. ಇಂದು ಜರ್ಮನಿಯ ಅಂಗಡಿಯಲ್ಲಿ ಮಾರುವ ಷರಾಯಿಯನ್ನು ಕರಾಚಿಯಲ್ಲಿ ಹೊಲಿಯುತ್ತಾರೆ. ಅಮೇರಿಕದ ಮಗು ತೊಡುವ ಅಂಗಿಗೆ ಬೆಂಗಳೂರಿನ ಪೀಣ್ಯದಲ್ಲಿ ಗುಂಡಿ ಹಚ್ಚುತ್ತಾರೆ. ಕೊಳ್ಳುವ ಕಂಪನಿಗೆ ಅಲ್ಲಿ ಸ್ವಂತ ಕಾರ್ಖಾನೆಯಿಲ್ಲ. ಆದುದರಿಂದ ಅಲ್ಲಿನ ಕಾರ್ಮಿಕರು ತನ್ನವರಲ್ಲವೆಂದು ಅದು ಬಹುಕಾಲ ವಾದಿಸಿತು. ಆ ವಾದ ನಿಲ್ಲದಾದಾಗ, ಅಂದರೆ ಎಳೆಯ ಮಕ್ಕಳು ದುಡಿಯುವ ಚಿತ್ರಗಳನ್ನು ಜನರು ಕಂಡು ರೊಚ್ಚಿಗೆದ್ದಾಗ, ಕಂಪನಿಗಳು ತಮ್ಮ ಪೂರೈಕೆದಾರರಿಗೆ ನಡತೆಯ ನಿಯಮಾವಳಿಗಳನ್ನು ಬರೆದುಕೊಟ್ಟವು. ೧೯೯೧ರಲ್ಲಿ ಲೆವಿ ಸ್ಟ್ರಾಸ್ ಕಂಪನಿ, ೧೯೯೨ರಲ್ಲಿ ನೈಕಿ, ಆಮೇಲೆ ಬಹುಮಂದಿ. ಮಕ್ಕಳನ್ನು ದುಡಿಸಕೂಡದು, ಬಲವಂತದ ದುಡಿಮೆಯಿರಕೂಡದು, ಕಾಯಿದೆಯ ವೇತನಕ್ಕೆ ಕಡಿಮೆ ಕೊಡಕೂಡದು, ಹೊರಬಾಗಿಲಿಗೆ ಬೀಗ ಹಾಕಕೂಡದು. ಎಲ್ಲವೂ ಒಳ್ಳೆಯ ಮಾತುಗಳೇ. ಈ ಮಾತುಗಳು ನಡೆಯುತ್ತಿವೆಯೇ ಎಂದು ನೋಡಿಬರಲು ತಪಾಸಕನೆಂಬ ಹೊಸ ಬಗೆಯ ಮನುಷ್ಯನು ಹುಟ್ಟಿಕೊಂಡನು.

ಅವನ ಕೆಲಸದ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಸಾಮಾನ್ಯವಾಗಿ ಅವನು ಬರುವ ದಿನ ಕಾರ್ಖಾನೆಗೆ ಮುಂಚಿತವಾಗಿ ತಿಳಿದಿರುತ್ತದೆ, ದಿನವಲ್ಲದಿದ್ದರೆ ವಾರವಾದರೂ. ಬಂದವನು ಒಂದೆರಡು ದಿನವಿದ್ದು ಹಾಜರಿ ಪುಸ್ತಕ, ಸಂಬಳದ ಪಟ್ಟಿಗಳನ್ನು ನೋಡುತ್ತಾನೆ, ಬೆಂಕಿಯಾರಿಸುವ ಕೊಳವೆಗಳನ್ನು ಎಣಿಸುತ್ತಾನೆ, ಶೌಚಗೃಹಗಳನ್ನು ಇಣಿಕಿ ನೋಡುತ್ತಾನೆ, ಕೆಲವು ಕಾರ್ಮಿಕರನ್ನು ಕರೆದು ಮಾತನಾಡಿಸುತ್ತಾನೆ. ಕಾರ್ಖಾನೆಯ ಕೋಣೆಯಲ್ಲಿಯೇ ಕುಳಿತು, ಮೇಲ್ವಿಚಾರಕನು ಬಾಗಿಲಾಚೆ ಅಡ್ಡಾಡುತ್ತಿರುವಾಗ, ನಾಳೆಯೂ ಅದೇ ಯಂತ್ರದ ಮುಂದೆ ಕೂಡಬೇಕಾದ ಹೆಣ್ಣುಮಗಳು ‘ಇಲ್ಲಿ ಬೈಗುಳವಿದೆ, ದಿನಕ್ಕೆ ಹನ್ನೆರಡು ಗಂಟೆ ದುಡಿಸುತ್ತಾರೆ’ ಎಂದು ಹೇಳಿಯಾಳೆ? ಬಳಿಕ ತಪಾಸಕನು ಪಟ್ಟಿಯಲ್ಲಿ ಗುರುತು ಹಾಕಿ ಪ್ರಮಾಣಪತ್ರ ಬರೆಯುತ್ತಾನೆ. ಅವನ ಶುಲ್ಕವನ್ನು ಅನೇಕವೇಳೆ ಕಾರ್ಖಾನೆಯವನೇ ತೆರುತ್ತಾನೆ. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಕರಾಚಿ ನಗರದ ಬಲ್ದಿಯಾ ಭಾಗದಲ್ಲಿ ಅಲಿ ಎಂಟರ್‌ಪ್ರೈಸಸ್ ಎಂಬ ಸಿದ್ಧ ಉಡುಪಿನ ಕಾರ್ಖಾನೆಯಿತ್ತು. ಅದರ ಮುಖ್ಯ ಗಿರಾಕಿ ಕಿಕ್ ಎಂಬ ಜರ್ಮನ್ ಕಂಪನಿ. ೨೦೧೨ರ ಆಗಸ್ಟ್ ತಿಂಗಳಿನಲ್ಲಿ ಈ ಕಾರ್ಖಾನೆಗೆ ಎಸ್‌ಎ ೮೦೦೦ ಎಂಬ ಪ್ರಖ್ಯಾತ ಪ್ರಮಾಣಪತ್ರ ದೊರೆಯಿತು. ಅದನ್ನು ಕೊಟ್ಟದ್ದು ಇಟಲಿಯ ರೀನಾ ಎಂಬ ತಪಾಸಣಾ ಸಂಸ್ಥೆ. ಕಾರ್ಮಿಕರ ಸುರಕ್ಷತೆ ಸರಿಯಾಗಿದೆಯೆಂಬುದು ಆ ಪತ್ರದ ಅರ್ಥ. ಮುಂದಿನ ತಿಂಗಳು, ಸೆಪ್ಟೆಂಬರ್ ೧೧ರಂದು, ಅಲ್ಲಿ ಬೆಂಕಿ ಹೊತ್ತಿತು. ಕಿಟಕಿಗಳಿಗೆ ಕಬ್ಬಿಣದ ಸರಳುಗಳಿದ್ದವು. ಹೊರಬಾಗಿಲುಗಳಲ್ಲಿ ಹೆಚ್ಚಿನವು ಮುಚ್ಚಿದ್ದವು. ೨೫೦ಕ್ಕಿಂತ ಹೆಚ್ಚು ಮಂದಿ ಒಳಗೆಯೇ ಸುಟ್ಟು, ಉಸಿರುಕಟ್ಟಿ ಸತ್ತರು. ಪ್ರಮಾಣಪತ್ರದ ಮಸಿ ಆರಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ.

ಹಣ ಸುಲಿಯುವವರು ಬೇಕೆಂದೇ ಬೆಂಕಿಯಿಟ್ಟರೆಂದು ಕರಾಚಿಯ ನ್ಯಾಯಾಲಯವು ೨೦೨೦ರಲ್ಲಿ ತೀರ್ಪಿತ್ತು ಇಬ್ಬರಿಗೆ ಮರಣದಂಡನೆ ವಿಧಿಸಿತು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಬೆಂಕಿ ಇಟ್ಟವನ ಪಾಪ ಬೇರೆ, ಬಾಗಿಲು ಮುಚ್ಚಿದವನ ಪಾಪ ಬೇರೆ. ಮುಚ್ಚಿದ ಬಾಗಿಲನ್ನು ತೆರೆದಿದೆಯೆಂದು ಬರೆದವನ ಪಾಪ ಮೂರನೆಯದು. ಬೆಂಕಿ ಯಾರಿಂದ ಹೊತ್ತಿದರೇನು, ಓಡಲು ದಾರಿಯಿದ್ದಿದ್ದರೆ ಅಷ್ಟು ಜನ ಸಾಯುತ್ತಿರಲಿಲ್ಲ. ಮೃತರ ಬಂಧುಗಳು ಕೆಲವರು ಜರ್ಮನಿಯ ಡಾರ್ಟ್‌ಮುಂಡ್ ನ್ಯಾಯಾಲಯದಲ್ಲಿ ಕಿಕ್ ಕಂಪನಿಯ ಮೇಲೆ ದಾವೆ ಹೂಡಿದರು. ೨೦೧೯ರಲ್ಲಿ ಆ ದಾವೆ ಕಾಲಮಿತಿ ಮೀರಿದೆಯೆಂಬ ಕಾರಣದಿಂದ ವಜಾ ಆಯಿತು. ಹೊಣೆ ಯಾರದೆಂಬ ಪ್ರಶ್ನೆಗೆ ಅಲ್ಲಿ ಉತ್ತರವೇ ಬರಲಿಲ್ಲ. ಅದಕ್ಕೆ ಮೊದಲು, ೨೦೧೬ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಧ್ಯಸ್ಥಿಕೆಯಿಂದ ಕಂಪನಿಯು ೫೧ ಲಕ್ಷ ಡಾಲರಿಗೂ ಮೇಲ್ಪಟ್ಟು ಪರಿಹಾರ ಕೊಡಲು ಒಪ್ಪಿತ್ತು.

ಮರುವರ್ಷದ ರಾಣಾ ಪ್ಲಾಜಾ ದುರಂತ ಎಲ್ಲರಿಗೂ ತಿಳಿದುದೇ. ಢಾಕಾದ ಬಳಿಯ ಸಾವರ್‌ನಲ್ಲಿ ೨೦೧೩ರ ಏಪ್ರಿಲ್ ೨೪ರಂದು ಎಂಟು ಅಂತಸ್ತಿನ ಕಟ್ಟಡ ಕುಸಿದು ೧,೧೩೪ ಜನ ಮಡಿದರು. ಹಿಂದಿನ ದಿನವೇ ಗೋಡೆಗಳು ಬಿರಿದಿದ್ದವು. ಕೆಳಗಿನ ಬ್ಯಾಂಕು ಮತ್ತು ಅಂಗಡಿಗಳು ಬಾಗಿಲು ಹಾಕಿಕೊಂಡವು. ಹೊಲಿಗೆಯವರನ್ನು ಮಾತ್ರ ಗದರಿಸಿ ಒಳಗೆ ಕಳುಹಿಸಿದರು. ಆ ಕಟ್ಟಡದ ಕಾರ್ಖಾನೆಗಳ ಪೈಕಿ ಎರಡರಲ್ಲಿ ಯೂರೋಪಿನ ವರ್ತಕರ ನಿಯಮಾವಳಿಯಂತೆ ತಪಾಸಣೆ ಮೊದಲೇ ನಡೆದಿತ್ತು. ಕಟ್ಟಡದ ಬಲಾಬಲವನ್ನು ಅಳೆಯುವುದು ತಮ್ಮ ಕೆಲಸದ ವ್ಯಾಪ್ತಿಯಲ್ಲಿರಲಿಲ್ಲವೆಂದು ಆಮೇಲೆ ಉತ್ತರ ಬಂತು. ಉತ್ತರ ನಿಜವೇ ಇರಬಹುದು. ಆದರೆ ಬಿರುಕನ್ನು ಕಾಣಲು ಶಿಲ್ಪಶಾಸ್ತ್ರ ಬೇಕಾಗಿರಲಿಲ್ಲ. ಅಲ್ಲಿ ದುಡಿಯುತ್ತಿದ್ದ ಹುಡುಗಿಯರು ಅದನ್ನು ಕಂಡಿದ್ದರು, ಕಂಡು ಒಳಗೆ ಹೋಗಲು ಅಂಜಿದ್ದರು. ಅವರ ಮಾತಿಗೆ ಬೆಲೆಯಿರಲಿಲ್ಲ.

ತಪಾಸಕರೆಲ್ಲರೂ ದುಷ್ಟರೆಂದು ಇದರಿಂದ ತಿಳಿಯಬಾರದು. ಸಜ್ಜನನನ್ನು ಕೂಡ ಸುಳ್ಳಿನ ಕಡೆಗೆ ಎಳೆಯುವ ವ್ಯವಸ್ಥೆಯೊಂದುಂಟು ಎಂಬುದು ಇಲ್ಲಿ ಗಮನಿಸತಕ್ಕ ಮಾತು. ಗುಜರಾತಿನಲ್ಲಿ ಇದನ್ನು ಪ್ರಯೋಗದಿಂದಲೇ ಅಳೆದು ತೋರಿಸಿದ್ದಾರೆ. ಅಲ್ಲಿ ಕಾರ್ಖಾನೆಗಳ ಹೊಗೆ ಮತ್ತು ಕೊಳಚೆನೀರಿನ ಪರೀಕ್ಷೆಗೆ ಕಾರ್ಖಾನೆಯವರೇ ತಪಾಸಕರನ್ನು ಆರಿಸಿ ಹಣ ಕೊಡುವ ಪದ್ಧತಿಯಿತ್ತು. ಎಸ್ತರ್ ಡಫ್ಲೊ ಮೊದಲಾದ ನಾಲ್ವರು ಅರ್ಥಶಾಸ್ತ್ರಜ್ಞರು ೪೭೩ ಕಾರ್ಖಾನೆಗಳನ್ನು ತೆಗೆದುಕೊಂಡು, ಅವುಗಳಲ್ಲಿ ಒಂದು ಭಾಗಕ್ಕೆ ಪದ್ಧತಿಯನ್ನೇ ಬದಲಿಸಿದರು: ತಪಾಸಕನನ್ನು ಚೀಟಿ ಎತ್ತಿ ಗೊತ್ತುಪಡಿಸುವುದು, ಅವನಿಗೆ ಸಾಮಾನ್ಯ ನಿಧಿಯಿಂದ ಹಣ ಕೊಡುವುದು, ಅವನು ಅಳೆದುದನ್ನು ಮತ್ತೊಬ್ಬರು ಹೋಗಿ ಪುನಃ ಅಳೆಯುವುದು. ಹಳೆಯ ಪದ್ಧತಿಯಲ್ಲಿ ವರದಿಯ ಅಂಕಿಗಳು ಮಿತಿಗಿಂತ ಕೂದಲೆಳೆಯಷ್ಟು ಕೆಳಗೆ ಗುಂಪುಗೂಡಿದ್ದವು! ಹೊಸ ಪದ್ಧತಿಯಲ್ಲಿ ಸುಳ್ಳು ವರದಿ ನೂರಕ್ಕೆ ೮೦ರಷ್ಟು ಇಳಿಯಿತು. ಕಾರ್ಖಾನೆಗಳ ಮಾಲಿನ್ಯವೂ ತಗ್ಗಿತು. ೨೦೧೩ರಲ್ಲಿ ಪ್ರಕಟವಾದ ಈ ಅಧ್ಯಯನ ಮಾಲಿನ್ಯದ ವಿಷಯದ್ದು, ದುಡಿಮೆಯದಲ್ಲ. ಆದರೂ ತಕ್ಕಡಿ ಹಿಡಿದವನ ಕೈಯನ್ನು ಮಾಲಿನ ಒಡೆಯನು ಹಿಡಿದಿದ್ದರೆ ಏನಾಗುವುದೆಂಬುದು ಎರಡೂ ಕಡೆ ಒಂದೇ.

ಇದೇನೂ ಹೊಸದಾಗಿ ತಿಳಿದ ತತ್ತ್ವವಲ್ಲ. ಇಂಗ್ಲೆಂಡಿನಲ್ಲಿ ೧೮೦೨ರ ಕಾಯಿದೆಯು ಗಿರಣಿಗಳ ಮೇಲ್ವಿಚಾರಣೆಯನ್ನು ಸ್ಥಳೀಯ ನ್ಯಾಯಾಧಿಕಾರಿಗಳು ನೇಮಿಸಿದ ಸಂದರ್ಶಕರಿಗೆ ಬಿಟ್ಟಿತ್ತು. ಅದು ಕಾಗದದಲ್ಲಿಯೇ ಉಳಿಯಿತು. ೧೮೩೩ರಲ್ಲಿ ಸರಕಾರವೇ ನಾಲ್ವರು ತಪಾಸಣಾಧಿಕಾರಿಗಳನ್ನು ನೇಮಿಸಿದ ಮೇಲೆ ಕಾಯಿದೆಗೆ ಕಣ್ಣು ಬಂತು. ೧೯೪೭ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ ೮೧ನೆಯ ಒಡಂಬಡಿಕೆಯನ್ನು ನಮ್ಮ ದೇಶವು ೧೯೪೯ರಲ್ಲಿಯೇ ಒಪ್ಪಿತು. ತಪಾಸಣಾಧಿಕಾರಿಯು ಮುನ್ಸೂಚನೆಯಿಲ್ಲದೆ ಹಗಲಿರುಳು ಯಾವ ಹೊತ್ತಿನಲ್ಲಿಯಾದರೂ ಒಳಹೋಗಬಹುದು. ತಾನು ಪರೀಕ್ಷಿಸುವ ಉದ್ಯಮದಲ್ಲಿ ಅವನಿಗೆ ಯಾವ ಲಾಭವೂ ಇರಕೂಡದು. ದೂರು ಕೊಟ್ಟವರ ಗುರುತನ್ನು ಬಯಲುಮಾಡಕೂಡದು. ಈ ಮೂರು ಮಾತುಗಳೊಡನೆ ಇಂದಿನ ಖಾಸಗಿ ತಪಾಸಣೆಯನ್ನು ಹೋಲಿಸಿ ನೋಡಿರಿ. ಸರಕಾರದ ಅಧಿಕಾರಿಗಳು ಕೈಯೊಡ್ಡುವುದಿಲ್ಲವೆಂದಾಗಲಿ, ಅವರ ಸಂಖ್ಯೆ ಸಾಕಷ್ಟಿದೆಯೆಂದಾಗಲಿ ನನ್ನ ಅಭಿಪ್ರಾಯವಲ್ಲ. ನಿಯಮವಾದರೂ ನೆಟ್ಟಗಿದೆ ಎಂದಷ್ಟೇ ಹೇಳುತ್ತೇನೆ.

ಇನ್ನೂ ಆಳವಾದ ದೋಷವೊಂದಿದೆ. ಕೊಳ್ಳುವ ಕಂಪನಿಗೆ ಎರಡು ಕೈಗಳು. ಒಂದು ಕೈ ತಪಾಸಕನನ್ನು ಕಳುಹಿಸಿ ‘ಹೆಚ್ಚು ಗಂಟೆ ದುಡಿಸಬೇಡ, ನ್ಯಾಯವಾದ ಸಂಬಳ ಕೊಡು’ ಎನ್ನುತ್ತದೆ. ಇನ್ನೊಂದು ಕೈ ಖರೀದಿಗಾರನನ್ನು ಕಳುಹಿಸಿ ‘ಕಳೆದ ವರ್ಷಕ್ಕಿಂತ ದರ ಇಳಿಸು, ಹದಿನೈದು ದಿನ ಮೊದಲು ಮಾಲು ಕೊಡು, ಇಲ್ಲವಾದರೆ ಬೇರೆಯವರಿದ್ದಾರೆ’ ಎನ್ನುತ್ತದೆ. ಈ ಎರಡೂ ಆಜ್ಞೆಗಳನ್ನು ಒಟ್ಟಿಗೆ ಪಾಲಿಸುವುದು ಕಾರ್ಖಾನೆಯವನಿಗೆ ಸಾಧ್ಯವಿಲ್ಲ. ಅವನು ಮೊದಲನೆಯದನ್ನು ಪುಸ್ತಕದಲ್ಲಿಯೂ ಎರಡನೆಯದನ್ನು ಯಂತ್ರದ ಮೇಲೂ ಪಾಲಿಸುತ್ತಾನೆ. ಚೀನದ ಕೆಲವು ತಯಾರಕರು ತಪಾಸಕರಿಗೆ ತೋರಿಸಲು ಮಾದರಿ ಕಾರ್ಖಾನೆಯೊಂದನ್ನು ಇಟ್ಟುಕೊಂಡು, ನಿಜವಾದ ಕೆಲಸವನ್ನು ಹೆಸರಿಲ್ಲದ ಇನ್ನೊಂದರಲ್ಲಿ ಮಾಡಿಸುತ್ತಿದ್ದುದನ್ನು ಅಲೆಕ್ಸಾಂಡ್ರಾ ಹಾರ್ನಿ ಎಂಬ ಪತ್ರಕರ್ತೆ ೨೦೦೮ರಲ್ಲಿಯೇ ವಿವರವಾಗಿ ಬರೆದಿದ್ದಾಳೆ. ಕಾರ್ಖಾನೆಯವನ ಕಳ್ಳಲೆಕ್ಕವನ್ನು ನಾವು ಖಂಡಿಸಬೇಕು. ಆದರೆ ಆ ಕಳ್ಳಲೆಕ್ಕಕ್ಕೆ ಕಾರಣನಾದವನು ಬೆಳ್ಳಗಿನ ಅಂಗಿ ತೊಟ್ಟು ಅದೇ ಲೆಕ್ಕವನ್ನು ಪರೀಕ್ಷಿಸಲು ಬರುವುದು ವಿಚಿತ್ರವೇ ಸರಿ.

ದೂರದೇಶದ ಮಾತು ಸಾಕು. ನಮ್ಮ ರಾಜ್ಯದಲ್ಲಿಯೇ ನಡೆದುದನ್ನು ನೋಡೋಣ. ಬೆಂಗಳೂರು ಮತ್ತು ಅದರ ಸುತ್ತಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಲಕ್ಷಾಂತರ ಜನ ದುಡಿಯುತ್ತಾರೆ; ಹೆಚ್ಚಿನವರು ಹೆಂಗಸರು, ಅನೇಕರು ಮಂಡ್ಯ, ರಾಮನಗರ, ತುಮಕೂರಿನ ಹಳ್ಳಿಗಳಿಂದ ಬಂದವರು. ೨೦೨೦ರ ಏಪ್ರಿಲ್‌ನಿಂದ ಕನಿಷ್ಠ ವೇತನದೊಡನೆ ತಿಂಗಳಿಗೆ ೪೧೭ ರೂಪಾಯಿ ೬೦ ಪೈಸೆ ತುಟ್ಟಿಭತ್ಯೆ ಸೇರಬೇಕಾಗಿತ್ತು. ಸರಕಾರವು ಅದನ್ನು ಮುಂದೂಡಿತು. ಕಾರ್ಮಿಕ ಸಂಘಗಳು ಉಚ್ಚ ನ್ಯಾಯಾಲಯಕ್ಕೆ ಹೋದವು. ಆ ವರ್ಷದ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಬಾಕಿಸಹಿತವಾಗಿ ಕನಿಷ್ಠ ವೇತನವನ್ನು ಕೊಡತಕ್ಕದ್ದೆಂದು ಹೇಳಿತು. ಆದರೂ ಹೆಚ್ಚಿನ ಕಾರ್ಖಾನೆಗಳು ಕೊಡಲಿಲ್ಲ. ವಂಚಿತರಾದವರು ನಾಲ್ಕು ಲಕ್ಷಕ್ಕೂ ಮೇಲ್ಪಟ್ಟವರೆಂದು ಕಾರ್ಮಿಕರ ಹಕ್ಕುಗಳನ್ನು ನೋಡಿಕೊಳ್ಳುವ ಅಮೇರಿಕದ ಸಂಸ್ಥೆಯೊಂದು ಲೆಕ್ಕ ಹಾಕಿತು.

ಇಲ್ಲಿ ಗುಪ್ತವಾದುದು ಯಾವುದೂ ಇರಲಿಲ್ಲ. ಮುಚ್ಚಿದ ಬಾಗಿಲನ್ನು ಒಂದು ದಿನ ತೆರೆದು ತೋರಿಸಬಹುದು; ಈ ಕೊರತೆ ಪ್ರತಿಯೊಬ್ಬಳ ಸಂಬಳದ ಚೀಟಿಯಲ್ಲಿಯೂ ಅಚ್ಚಾಗಿತ್ತು. ಇದೇ ಕಾರ್ಖಾನೆಗಳಿಂದ ಬಟ್ಟೆ ಕೊಳ್ಳುವ ವಿದೇಶೀ ಕಂಪನಿಗಳ ನಿಯಮಾವಳಿಗಳಲ್ಲಿ ‘ಕಾಯಿದೆಯ ಕನಿಷ್ಠ ವೇತನ’ ಎಂಬ ವಾಕ್ಯವೂ ಅಚ್ಚಾಗಿತ್ತು. ಎರಡು ಕಾಗದಗಳನ್ನು ಪಕ್ಕದಲ್ಲಿಟ್ಟು ಓದಿದರೆ ಸಾಕಾಗಿತ್ತು. ಆದರೂ ಕಾರ್ಮಿಕ ಸಂಘದವರು ಮತ್ತು ಆ ಅಮೇರಿಕದ ಸಂಸ್ಥೆಯವರು ಗಟ್ಟಿಯಾಗಿ ಕೂಗುವವರೆಗೆ, ಪತ್ರಿಕೆಗಳಲ್ಲಿ ಬರುವವರೆಗೆ, ಬಾಕಿ ಬಾಕಿಯಾಗಿಯೇ ಉಳಿಯಿತು. ದೊಡ್ಡ ತಯಾರಕರು ೨೦೨೧ರ ಕೊನೆಯಲ್ಲಿ, ಉಳಿದವರು ೨೦೨೨ರಲ್ಲಿ ಕೊಡತೊಡಗಿದರು. ನಾಲ್ಕುನೂರು ಚಿಲ್ಲರೆ ರೂಪಾಯಿ ಅಲ್ಪವೆಂದು ಕೆಲವರಿಗೆ ತೋರಬಹುದು. ತಿಂಗಳಿಗೆ ಹತ್ತು ಸಾವಿರದ ಆಸುಪಾಸಿನಲ್ಲಿ ಸಂಸಾರ ನಡೆಸುವ ತಾಯಿಯನ್ನು ಕೇಳಿರಿ. ಅದು ಎಷ್ಟು ದಿನದ ಹಾಲೆಂದು ಅವಳು ಹೇಳುವಳು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂತು. ಲಕ್ಕಮ್ಮ ಅದನ್ನು ನೋಡಿದ ಕೂಡಲೆ ಇದು ನಮ್ಮ ನಿತ್ಯದ ಅಳತೆಯಲ್ಲವೆಂದು ತಿಳಿದು, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಈ ಕಥೆಯನ್ನು ನಮ್ಮ ಪ್ರವಚನಗಳಲ್ಲಿ ದುಡಿಯುವವರಿಗೆ ಹೇಳುವುದೇ ಹೆಚ್ಚು, ಆಸೆ ಪಡಬೇಡಿರೆಂದು. ನನಗೆ ತೋರುವಂತೆ ಅದು ಅರ್ಧ ಓದು. ಅಳತೆ ತಪ್ಪಿದುದನ್ನು ಕಂಡುಹಿಡಿದವಳು ಹೊರಗಿನಿಂದ ಬಂದ ಪರೀಕ್ಷಕಳಲ್ಲ, ದಿನದಿನವೂ ಆ ಅಕ್ಕಿಯನ್ನು ಬೇಯಿಸುತ್ತಿದ್ದವಳು. ಹೆಚ್ಚು ಬಂದಾಗ ‘ಇದು ಎಲ್ಲಿಂದ ಬಂತು?’ ಎಂದು ಲಕ್ಕಮ್ಮ ಕೇಳಿದಳು. ಅಗ್ಗವಾಗಿ ಬಂದಾಗ ‘ಈ ಅಗ್ಗ ಯಾರ ಪಾಲಿನಿಂದ ಬಂತು?’ ಎಂದು ಕೊಳ್ಳುವವನು ಕೇಳಬೇಡವೆ? ಪಡಿ ಎಷ್ಟು ತುಂಬಬೇಕೆಂಬುದು ಅಡಿಗೆಮನೆಗೆ ಗೊತ್ತಿರುವಂತೆ, ಗಂಟೆಗೆ ಎಷ್ಟು ಕಾಲರು ಹೊಲಿಸುತ್ತಾರೆ, ಯಾವ ಬಾಗಿಲಿಗೆ ಎಷ್ಟು ಹೊತ್ತಿಗೆ ಬೀಗ ಬೀಳುತ್ತದೆ ಎಂಬುದು ಯಂತ್ರದ ಮುಂದೆ ಕುಳಿತವಳಿಗೆ ಗೊತ್ತು.

‘ಹಾಗಾದರೆ ತಪಾಸಣೆಯನ್ನೇ ಬಿಟ್ಟುಬಿಡಬೇಕೆ? ಏನೂ ಇಲ್ಲದುದಕ್ಕಿಂತ ಇಷ್ಟಾದರೂ ಮೇಲಲ್ಲವೆ?’ ಎಂದು ಕೇಳುವವರುಂಟು. ಅವರ ಮಾತಿನಲ್ಲಿ ಸತ್ಯಾಂಶವಿದೆ. ಕಣ್ಣಿಗೆ ಕಾಣುವ ದೋಷಗಳು ಕೆಲವು ತಪಾಸಣೆಯಿಂದ ತಗ್ಗಿವೆ. ಆದರೆ ನೈಕಿ ಕಂಪನಿಯದೇ ವರದಿಗಳನ್ನು ಪಡೆದು, ೫೧ ದೇಶಗಳ ಎಂಟುನೂರಕ್ಕೂ ಹೆಚ್ಚು ಕಾರ್ಖಾನೆಗಳ ಸ್ಥಿತಿಯನ್ನು ರಿಚರ್ಡ್ ಲಾಕ್ ಎಂಬ ವಿದ್ವಾಂಸನು ಪರಿಶೀಲಿಸಿದಾಗ, ತಪಾಸಣೆಯೊಂದರಿಂದಲೇ ಸ್ಥಿರವಾದ ಸುಧಾರಣೆ ಕಾಣಲಿಲ್ಲ. ಸುಳ್ಳು ಪ್ರಮಾಣಪತ್ರವಂತೂ ಶೂನ್ಯಕ್ಕಿಂತ ಮೇಲಲ್ಲ, ಕೀಳು. ಏಕೆಂದರೆ ಅದು ಕೇಳಬೇಕೆಂದಿದ್ದವನ ಬಾಯನ್ನೂ ಮುಚ್ಚಿಸುತ್ತದೆ.

ಬೇರೆ ದಾರಿಯಿದೆಯೆಂಬುದಕ್ಕೆ ಬಾಂಗ್ಲಾದೇಶವೇ ನಿದರ್ಶನ. ರಾಣಾ ಪ್ಲಾಜಾ ಬಿದ್ದ ಮುಂದಿನ ತಿಂಗಳು, ೨೦೧೩ರ ಮೇ ತಿಂಗಳಿನಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಗಳಿಗೂ ಉಡುಪು ಕಂಪನಿಗಳಿಗೂ ‘ಅಕಾರ್ಡ್’ ಎಂಬ ಒಪ್ಪಂದವಾಯಿತು. ಕಾಲಕ್ರಮದಲ್ಲಿ ಇನ್ನೂರಕ್ಕೂ ಹೆಚ್ಚು ಕಂಪನಿಗಳು ಅದಕ್ಕೆ ಸಹಿ ಹಾಕಿದವು. ಅದು ಸದಿಚ್ಛೆಯ ಪತ್ರವಾಗಿರದೆ ಕಾಯಿದೆಬದ್ಧ ಕರಾರಾಗಿತ್ತು. ತಪಾಸಣೆಗೆ ಇಂಜಿನಿಯರುಗಳು ಹೋದರು. ಅವರ ವರದಿಗಳನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸಿದರು. ಅಪಾಯ ಕಂಡರೆ ಕೆಲಸ ನಿರಾಕರಿಸುವ ಹಕ್ಕು ಕಾರ್ಮಿಕರಿಗೆ ಬಂತು, ಹೆಸರು ಬಯಲಾಗದಂತೆ ದೂರು ಕೊಡುವ ವ್ಯವಸ್ಥೆ ಬಂತು. ದುರಸ್ತಿ ಮಾಡಲು ಕಾರ್ಖಾನೆಯವನಿಗೆ ಶಕ್ತಿ ಬರುವಂತೆ ವ್ಯಾಪಾರದ ಷರತ್ತುಗಳನ್ನು ಇಡಬೇಕೆಂದು ಕೊಳ್ಳುವವನ ಮೇಲೂ ಹೊಣೆ ಬಿತ್ತು. ಹೊಣೆ ತಪ್ಪಿಸಿದ ಎರಡು ಕಂಪನಿಗಳನ್ನು ಕಾರ್ಮಿಕ ಸಂಘಗಳು ೨೦೧೬ರಲ್ಲಿ ಹೇಗ್ ನಗರದ ಪಂಚಾಯ್ತಿ ನ್ಯಾಯಾಲಯಕ್ಕೆ ಎಳೆದವು. ಅವುಗಳಲ್ಲಿ ಒಂದು ೨೦೧೮ರಲ್ಲಿ ೨೩ ಲಕ್ಷ ಡಾಲರು ಕೊಟ್ಟು ರಾಜಿಯಾಯಿತು. ಸುಮಾರು ೧,೬೦೦ ಕಾರ್ಖಾನೆಗಳಲ್ಲಿ ಮೊದಲು ಕಂಡ ದೋಷಗಳ ಪೈಕಿ ನೂರಕ್ಕೆ ೯೦ಕ್ಕೂ ಹೆಚ್ಚು ಸರಿಯಾದವು. ಸಂಬಳದ ಪ್ರಶ್ನೆ ಅದರಿಂದ ಬಗೆಹರಿಯಲಿಲ್ಲ, ನಿಜ. ಅಲ್ಲಿನ ವೇತನ ಇಂದಿಗೂ ಶೋಚನೀಯವೇ. ಆದರೆ ಕಟ್ಟಡಗಳು ನಿಂತವು. ನೆರೆಯ ತಮಿಳುನಾಡಿನ ದಿಂಡಿಗಲ್‌ನಲ್ಲಿಯೂ, ೨೦೨೧ರಲ್ಲಿ ಯುವತಿಯೊಬ್ಬಳ ಕೊಲೆಯಾದ ಬಳಿಕ, ಹೆಂಗಸರೇ ನಡೆಸುವ ಕಾರ್ಮಿಕ ಸಂಘವು ಮರುವರ್ಷ ಇಂತಹುದೇ ಒಪ್ಪಂದವನ್ನು ಪಡೆಯಿತು. ಅಲ್ಲಿ ಕಿರುಕುಳವನ್ನು ಗಮನಿಸಿ ವರದಿ ಮಾಡುವವರು ತರಬೇತಿ ಪಡೆದ ಕಾರ್ಮಿಕ ಸ್ತ್ರೀಯರೇ.

ಅಂಗಡಿಗೆ ಹೋಗಿ ಒಂದು ಅಂಗಿ ಕೊಳ್ಳುವ ಗೃಹಸ್ಥನು ಇದರಲ್ಲಿ ಏನು ಮಾಡಬಲ್ಲನು? ಹೆಚ್ಚೇನಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತನ. ಬೆಲೆ ಹೆಚ್ಚು ಕೊಟ್ಟರೆ ಅದು ಹೊಲಿದವಳಿಗೆ ಮುಟ್ಟುವುದೆಂಬ ಭರವಸೆಯೂ ಇಲ್ಲ. ಆದರೆ ವಾಚಕರಲ್ಲಿ ಎಲ್ಲರೂ ಬರಿಯ ಕೊಳ್ಳುವವರಲ್ಲ. ಬಟ್ಟೆಯ ಅಂಗಡಿಯಿಟ್ಟವರಿದ್ದಾರೆ, ಶಾಲೆಗಳಿಗೆ ಸಮವಸ್ತ್ರ ಒದಗಿಸುವವರಿದ್ದಾರೆ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರಿದ್ದಾರೆ, ಡಜನಿಗೆ ಇಷ್ಟೆಂದು ಮನೆಮನೆಗೆ ಹೊಲಿಗೆ ಹಂಚುವವರಿದ್ದಾರೆ. ಅಲ್ಲಿಗೆ ಯಾವ ತಪಾಸಕನೂ ಬರುವುದಿಲ್ಲ. ಪ್ರಮಾಣಪತ್ರದ ಮರೆಯೂ ಇಲ್ಲ. ಒಂದು ಡಜನಿಗೆ ತಾವು ಕೊಡುವ ದರವನ್ನು ಅದನ್ನು ಹೊಲಿಯಲು ಹಿಡಿಯುವ ಗಂಟೆಗಳಿಂದ ಭಾಗಿಸಿ, ಬಂದ ಅಂಕಿಯನ್ನು ಸರಕಾರ ಗೊತ್ತುಪಡಿಸಿದ ಕನಿಷ್ಠ ವೇತನದ ಪಕ್ಕದಲ್ಲಿ ಬರೆದು ನೋಡಬಹುದು. ಎಷ್ಟು ಗಂಟೆ ಹಿಡಿಯುತ್ತದೆಂಬುದನ್ನು ಮಾತ್ರ ಹೊಲಿಯುವವಳನ್ನೇ ಕೇಳಬೇಕು. ದೀಪಾವಳಿಯಲ್ಲಿ ಹೊಸ ಖಾತೆ ತೆರೆಯುವ ದಿನ ಈ ಲೆಕ್ಕಕ್ಕೆ ಅರ್ಧ ಗಂಟೆ ಸಾಕು.